ಹೊದ್ಕೋಬಹುದಾ?

ಇಸ್ತ್ರಿಪೆಟ್ಟಿಗೆ ನಿನ್ನೆ ರಾತ್ರಿನೇ ತಣ್ಣಗಾಯ್ತು, ನಾನಿನ್ನೂ ಆಗಿಲ್ಲ. ಮೂರು ತಿಂಗಳಿಂದ ಒಂದು ಆರ್ಟ್ ಕ್ವಿಲ್ಟ್ ಮಾಡ್ತಿದೀನಿ, ಅಂದ್ರೆ ಕೌದಿನೇ, ಆದ್ರೆ ಹಾಸಿಗೆ ಮೇಲಲ್ಲ, ಗೋಡೆ ಮೇಲೆ ಇರೋ ಕೌದಿ. ನಂಗೆ ಪ್ರಾಣವಾಗಿರೋ ಒಂದು ಕಾದಂಬರಿಯ ಕೊನೇ ದೃಶ್ಯ ಅದರಲ್ಲಿ. ಯಾವ ಕಾದಂಬರಿ ಅಂತ ಹೇಳಲ್ಲ, ಹೇಳಿದ್ರೆ ಓದಿದವರೆಲ್ಲ ಭೂತಗನ್ನಡಿ ಹಿಡ್ಕೊಂಡು ಬರ್ತೀರ, ಆ ಕೆಲಸಕ್ಕೆ ನಮ್ಮಕ್ಕ ಒಬ್ಳೇ ಸಾಕು. ಎಡಗಡೆ ಮನೆ, ಬಲಗಡೆ ಹೊಳೆ, ಮಧ್ಯೆ ಟ್ರಂಕು ಹಿಡ್ಕೊಂಡು ಮನೆ ಬಿಟ್ಟು ಹೊಳೆ ಕಡೆ ನಡೀತಿರೋ ಹೆಂಗಸು. ಒಂದ್ಸಲನೂ ತಿರುಗಿ ನೋಡಲ್ಲ ಅವಳು. ಇಡೀ ಪುಸ್ತಕ ನಿಂತಿರೋದೇ ಆ ತಿರುಗಿ ನೋಡದೇ ಇರೋದ್ರ ಮೇಲೆ.

ಅಕ್ಕನ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ನಮ್ಮನೆಯವರು. ಇವರದ್ದು ಒಂದೇ ಪ್ರಶ್ನೆ. ಮೊದಲನೇ ದಿನ ಸ್ಕೆಚ್ ತೋರಿಸಿದೆ, ಗಂಭೀರವಾಗಿ ಅರ್ಧ ನಿಮಿಷ ನೋಡಿ "ಚೆನ್ನಾಗಿದೆ, ಹೊದ್ಕೋಬಹುದಾ?" ಅಂದ್ರು. ಇಲ್ಲ ರೀ, ಗೋಡೆಗೆ ಹಾಕೋದು ಅಂದೆ. "ಯಾಕೆ, ಗೋಡೆಗೆ ಚಳಿಯಾಗುತ್ತಾ?" ಹೋಗ್ಲಿ ಅಂತ ಸುಮ್ಮನಾದೆ. ಹೊಳೆಗೆ ಹನ್ನೊಂದು ಥರದ ನೀಲಿ ಚೂರು ಕತ್ತರಿಸಿ, ಪ್ರತಿ ಹೊಲಿಗೆಗೂ ಕಾಲಿಂಚು ಅಂಚು ಬಿಟ್ಟು ಜೋಡಿಸಿ, ಆ ಕಾಲಿಂಚು ಒಂದೊಂದ್ರಲ್ಲೂ ಕೂದಲೆಳೆಯಷ್ಟು ಜಾಸ್ತಿ ಹೋಗಿ ಹೋಗಿ ಕೊನೆಗೆ ಹೊಳೆ ಮುಕ್ಕಾಲು ಇಂಚು ಬತ್ತಿಬಿಟ್ಟು, ಎಲ್ಲ ಬಿಚ್ಚಿ ಮತ್ತೆ ಹೊಲಿದು ಕಣ್ಣು ಕೆಂಪಗೆ ಮಾಡ್ಕೊಂಡು ಕೂತಿದ್ರೆ ಇವರು ಬಂದು ಬೆರಳಲ್ಲಿ ಸವರಿ, "ಹೊದ್ಕೊಂಡ್ರೆ ಈ ಹೊಲಿಗೆ ಒತ್ತಲ್ವಾ?" ಅಂತಾರೆ. ಮಧ್ಯದ ಹತ್ತಿ ಪದರಕ್ಕೆ ಬ್ಯಾಟಿಂಗ್ ಅಂತ ಹೆಸರು ಅಂತ ಒಂದ್ಸಲ ಬಾಯಿ ತಪ್ಪಿ ಹೇಳ್ಬಿಟ್ಟೆ, ಅವತ್ತಿಂದ ಆಫೀಸಿಂದ ಬಂದ ತಕ್ಷಣ "ಬ್ಯಾಟಿಂಗ್ ಬಂತಾ?" ಕಳೆದ ವಾರ ನಾನಿಲ್ಲದಾಗ ಟೇಪ್ ಹಿಡಿದು ಅಳತೆನೂ ತಗೊಂಡಿದಾರೆ. ಎರಡಡಿ ಅಗಲ, ಮೂರಡಿ ಉದ್ದ. "ಮೊಣಕಾಲಿಗೆ ಸರಿಹೋಗುತ್ತೆ ಕಣೇ" ಅಂತ ಖುಷಿಯಾಗಿ ವರದಿ ಬೇರೆ. ಕಾದಂಬರಿ ಓದಿ ರೀ ಅಂತ ಕೈಗೆ ಕೊಟ್ಟೆ, ಹದಿನಾಲ್ಕನೇ ಪುಟದಲ್ಲಿ ಪುಟದ ಗುರುತು ಇಟ್ಟು ಹೋದವರು ಇನ್ನೂ ವಾಪಸ್ ಬಂದಿಲ್ಲ.

ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಅನ್ನೋರು 1886ರ ಹೊತ್ತಿಗೆ ಬೈಬಲ್ ಕಥೆಗಳನ್ನ 11 ಚೌಕದಲ್ಲಿ ಕೌದಿ ಮೇಲೆ ಕೂರಿಸಿದ್ರು. ಮೊದಲು ಮಾರಲ್ಲ ಅಂದವರು ಕಷ್ಟ ಬಂದಾಗ 1891ರಲ್ಲಿ 10 ಡಾಲರ್ ಕೇಳಿ, 5ಕ್ಕೆ ಕೊಟ್ಟುಬಿಟ್ರಂತೆ. ಆಮೇಲೂ ಆಗಾಗ ಹೋಗಿ ತಮ್ಮ ಕೌದಿನ ನೋಡ್ಕೊಂಡು ಬರ್ತಿದ್ರಂತೆ, ಓದಿದಾಗ ಹೊಟ್ಟೆ ಕಿವುಚಿದ ಹಾಗಾಯ್ತು. ಆದ್ರೂ ಒಂದು ವಿಷಯಕ್ಕೆ ಹೊಟ್ಟೆಕಿಚ್ಚು. ಕೊಂಡ್ಕೊಂಡ ಡ್ರಾಯಿಂಗ್ ಟೀಚರು ಒಂದೊಂದು ಚೌಕದ ಅರ್ಥನೂ ಅವರ ಬಾಯಿಂದ ಕೇಳಿ ಬರ್ಕೊಂಡ್ರಂತೆ. ನಂಗೆ ಸಿಕ್ಕಿರೋದು ಟೇಪ್ ಹಿಡ್ಕೊಂಡು ಬರೋರು.

ಇರ್ಲಿ, ನಿನ್ನೆ ರಾತ್ರಿ. ಮನೆ ಮತ್ತು ಹೊಳೆ ಹೊಲಿದಾಗಿತ್ತು, ಹೆಂಗಸೊಬ್ಳು ಬಾಕಿ. ಅವಳಿಗೆ ಫ್ಯೂಸಿಬಲ್ ವೆಬ್. ಒಂದು ಕಡೆ ಪೇಪರ್ ಇರೋ ಜಾಳು ಅಂಟಿನ ಹಾಳೆ ಅದು, ಪೇಪರ್ ಮೇಲೆ ಚಿತ್ರ ಬರ್ಕೊಂಡು, ಬಟ್ಟೆಯ ಹಿಂಬದಿಗೆ ಇಸ್ತ್ರಿ ಮಾಡಿ, ಕತ್ತರಿಸಿ, ಪೇಪರ್ ಕಿತ್ತು, ತಿರುಗಿಸಿ ಇಟ್ಟು ಮತ್ತೆ ಇಸ್ತ್ರಿ ಮಾಡಿದ್ರೆ ಗಟ್ಟಿ ಅಂಟ್ಕೊಳ್ಳುತ್ತೆ. ಹಿಂಬದಿಗೆ ಹಚ್ಚೋದ್ರಿಂದ ಚಿತ್ರ ಉಲ್ಟಾ ಬರ್ಕೋಬೇಕು. ಇದು ನಂಗೆ ಗೊತ್ತು. ಇಬ್ಬರಿಗೆ ಹೇಳ್ಕೊಟ್ಟಿದೀನಿ ಕೂಡ. ರಾತ್ರಿ ಹನ್ನೊಂದೂವರೆಗೆ ಅಂಚು ಅಂಟಿದ್ಯಾ, ಟ್ರಂಕಿನ ಹಿಡಿ ಕೂತಿದ್ಯಾ ಅಂತ ನೋಡಿದೆನೇ ಹೊರತು ಪುಣ್ಯಾತ್ಗಿತ್ತಿ ಯಾವ ಕಡೆ ಹೊರಟಿದಾಳೆ ಅಂತ ನೋಡ್ಲಿಲ್ಲ.

ಬೆಳಿಗ್ಗೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ, ಕೌದಿನ ಎದೆಗೆ ಹಿಡ್ಕೊಂಡು, ಸ್ಕ್ರೀನ್ ತುಂಬ ಬರೀ ಅವಳೇ ಕಾಣೋ ಹಾಗೆ ತೋರಿಸ್ದೆ.

"ಇದೇನೇ, ಇವಳು ಮನೆ ಕಡೆ ಬರ್ತಿದಾಳೆ?"

"ಹೊಳೆ ಕಡೆ ಹೋಗ್ತಿದಾಳೆ ಕಣೇ, ಬಲಕ್ಕೆ."

"ಎಡಕ್ಕೆ ನೋಡ್ತಿದಾಳೆ."

"ಬಲಕ್ಕೆ! ನನ್ನ ಸ್ಕ್ರೀನಲ್ಲಿ ಕಾಣ್ತಿಲ್ವಾ!"

"ನಂಗೂ ಎಡ ಬಲ ಗೊತ್ತಾಗುತ್ತೆ, ನಿನಗಿಂತ ಐದು ವರ್ಷ ದೊಡ್ಡೋಳು ನಾನು."

ಹೀಗೇ ಹತ್ತು ನಿಮಿಷ. ಕನ್ನಡಕ ಬದಲಾಯಿಸು ಅಂತನೂ ಹೇಳ್ಬಿಟ್ಟೆ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಮುಂದಿನ ಕ್ಯಾಮೆರಾ ನಮಗೆ ನಮ್ಮನ್ನ ಕನ್ನಡಿಯಲ್ಲಿ ತೋರಿಸಿದ ಹಾಗೆ ತೋರಿಸುತ್ತೆ, ಆ ಕಡೆಯವರಿಗೆ ಇದ್ದದ್ದು ಇದ್ದ ಹಾಗೆ. ಅದಕ್ಕೇ ನನ್ನ ಫೋನಲ್ಲಿ ಅವಳು ಕಾದಂಬರಿಗೆ ನಿಷ್ಠೆಯಿಂದ ಮನೆ ಬಿಟ್ಟು ಹೋಗ್ತಿದ್ಲು, ಅಕ್ಕನ ಫೋನಲ್ಲಿ ಟ್ರಂಕು ಸಮೇತ ವಾಪಸ್ ಬರ್ತಿದ್ಲು. ಕೊನೆಗೆ ಫೋನ್ ಕೆಳಗಿಟ್ಟು ಬಟ್ಟೆನೇ ನೋಡಿದೆ. ಬರ್ತಿದ್ಲು. ಕೀಳೋಣ ಅಂದ್ರೆ ಕೆಳಗಿನ ಬಟ್ಟೆಗೆಲ್ಲ ಅಂಟು ಮೆತ್ತಿ, ಮೂರು ತಿಂಗಳ ಕೆಲಸ ಹಾಳು.

ಅಕ್ಕ ಈಗ ಶುರು ಮಾಡ್ತಾಳೆ ಅಂತ ಕಾದೆ. ಏನೂ ಹೇಳ್ಲಿಲ್ಲ. ಆ ಪುಸ್ತಕ ಅವಳದ್ದೇ, ಅವಳು ಒಂಬತ್ತನೇ ಕ್ಲಾಸಲ್ಲಿದ್ದಾಗ ಓದಿದ್ದು, ನಂಗೆ ಬಂದಾಗ ಕೊನೇ ಪುಟದ ಅಂಚಲ್ಲಿ ಪೆನ್ಸಿಲಲ್ಲಿ ಸಣ್ಣಕ್ಷರದಲ್ಲಿ "ಹೋಗ್ಬೇಡ ಕಣೇ" ಅಂತ ಬರೆದಿತ್ತು. ಕೇಳಿದಾಗೆಲ್ಲ ನಾನಲ್ಲಪ್ಪ ಅಂತಾಳೆ. ಅವಳ 'ಡ' ನಂಗೆ ಗೊತ್ತಿಲ್ವಾ.

"ಹಾಗೇ ಇರ್ಲಿ ಬಿಡು" ಅಂದು, ಕುಕ್ಕರ್ ಕೂಗ್ತಿದೆ ಅಂತ ಕಟ್ ಮಾಡಿದ್ಲು. ಕುಕ್ಕರ್ ಸದ್ದು ನಂಗಂತೂ ಕೇಳ್ಸಿಲ್ಲ.

ಮಧ್ಯಾಹ್ನ ಸಿಟ್ಟಲ್ಲೇ ಮೂರೂ ಪದರ ಜೋಡಿಸಿ, ಅಂಗೈ ಅಗಲಕ್ಕೊಂದರಂತೆ ಗುಂಡುಪಿನ್ನು ಚುಚ್ಚಿ, ಸೋಫಾ ಮೇಲಿಟ್ಟು ದಾರ ಹುಡುಕೋಕೆ ಹೋದೆ. ಬರೋಷ್ಟರಲ್ಲಿ ನಮ್ಮನೆಯವರು ಅಲ್ಲೇ ಕಾಲು ಚಾಚಿ ನಿದ್ದೆ ಹೋಗಿದಾರೆ, ಕೌದಿ ಮೊಣಕಾಲ ಮೇಲಿದೆ. ನಿಜವಾಗ್ಲೂ ಅಳತೆಗೆ ಸರಿಯಾಗಿದೆ. ಪಿನ್ನಿನ ವಿಷಯ ನಾನಾಗಿ ಹೇಳೋಕೆ ಹೋಗ್ಲಿಲ್ಲ, ಮಗ್ಗುಲು ಬದಲಾಯಿಸಿದಾಗ ಅವರಿಗೇ ಗೊತ್ತಾಗುತ್ತೆ.