ನಮ್ಮೂರಿಗೆ ಬರುವ ಪೀಚ್ ಹಣ್ಣು ಕಾಬ್ಲರಿಗೇ ಸರಿ

ಮಂಗಳೂರಿನ ಹಂಪನಕಟ್ಟೆಯ ಹಣ್ಣಿನಂಗಡಿಗಳಲ್ಲಿ ಪೀಚ್ ಬಂದಿದೆ. ಮಾವಿನ ರಾಶಿಯ ಪಕ್ಕ, ಲಿಚಿ ಗೊಂಚಲುಗಳ ಹಿಂದೆ, ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ತುಂಬಾ ಜನ ನೋಡಿ ಮುಂದೆ ಹೋಗುತ್ತಾರೆ. ಕೆಲವರು ಕಾಲು ಕೆಜಿ ತೆಗೆದುಕೊಂಡು ಅವತ್ತೇ ಕಚ್ಚಿ ನೋಡಿ, "ಹುಳಿ ಉಂಟು, ಗಟ್ಟಿ ಉಂಟು" ಅಂತ ಬಿಟ್ಟುಬಿಡುತ್ತಾರೆ. ಆಮೇಲೆ ಅವರೇ ಸೂಪರ್ ಮಾರ್ಕೆಟ್ಟಿನಿಂದ ಸಕ್ಕರೆ ಪಾಕದಲ್ಲಿ ಮುಳುಗಿದ ಪೀಚ್ ಡಬ್ಬಿ ತಂದು ಕಾಬ್ಲರ್ ಮಾಡುತ್ತಾರೆ. ಗಲ್ಫಿನಿಂದ ಬಂದವರು ಕೊಟ್ಟ ಡಬ್ಬಿಯೂ ಎಷ್ಟೋ ಮನೆಗಳಲ್ಲಿ ಇರುತ್ತದೆ. ತಾಜಾ ಹಣ್ಣು ಊರಿನಲ್ಲಿ ಸಿಗುವ ಈ ಕೆಲವೇ ವಾರಗಳಲ್ಲೂ ಹೀಗೆ ಮಾಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಾಬ್ಲರ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಅಮೆರಿಕದ ಹಳೆಯ ಮನೆ ತಿಂಡಿ. ಆಳವಾದ ಪಾತ್ರೆಯಲ್ಲಿ ಹೆಚ್ಚಿದ ಹಣ್ಣು ಹಾಕಿ, ಮೇಲೆ ಮೆತ್ತಗಿನ ಹಿಟ್ಟನ್ನು ಅಲ್ಲಲ್ಲಿ ಉಂಡೆಯಾಗಿ ಬಿಟ್ಟು ಬೇಯಿಸುವುದು. ಹಿಟ್ಟು ಉಬ್ಬಿ ಹೊಂಬಣ್ಣಕ್ಕೆ ಬರುತ್ತದೆ. ಕೆಳಗೆ ಹಣ್ಣು ತನ್ನದೇ ರಸದಲ್ಲಿ ಬೆಂದು ಮಂದವಾಗುತ್ತದೆ. ಕೇಕಿನ ಹಾಗೆ ಕತ್ತರಿಸಿ ಕೊಡುವಂಥದ್ದಲ್ಲ, ಚಮಚದಲ್ಲಿ ತೆಗೆದು ಬಟ್ಟಲಿಗೆ ಹಾಕಿ ತಿನ್ನುವಂಥದ್ದು. ಅಲ್ಲಿಗೆ ವಲಸೆ ಹೋದವರ ಹತ್ತಿರ ಮೊದಮೊದಲು ಸರಿಯಾದ ಓವನ್ ಇರಲಿಲ್ಲ. ಕಬ್ಬಿಣದ ದಪ್ಪ ಪಾತ್ರೆಯಲ್ಲಿ ಹಾಕಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ನಮ್ಮ ಮಂಗಳೂರಿನ ಕ್ರಿಶ್ಚಿಯನ್ ಮನೆಗಳಲ್ಲಿ ಹಿಂದೆ ಕೇಕ್ ಮಾಡುತ್ತಿದ್ದದ್ದೂ ಇದೇ ರೀತಿ ಅಲ್ವಾ? ಪಕ್ಕದ ಮನೆಯ ಹಿರಿಯ ಬಾಯಿಯೊಬ್ಬರು ಆ ದಪ್ಪ ಪಾತ್ರೆಯನ್ನು ಈಗಲೂ ಜೋಪಾನ ಮಾಡಿ ಇಟ್ಟಿದ್ದಾರೆ.

ಈಗ ಹಣ್ಣಿನ ವಿಷಯ. ನನಗೆ ಹೇಳಲಿಕ್ಕೆ ಇರುವುದು ಮುಖ್ಯವಾಗಿ ಅದೇ.

ಪೀಚ್ ನಮ್ಮ ಕರಾವಳಿಯಲ್ಲಿ ಬೆಳೆಯುವುದಿಲ್ಲ. ಆ ಮರಕ್ಕೆ ಚಳಿಗಾಲದಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು. ಆ ಚಳಿ ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಹಾಗಾಗಿ ನಮ್ಮ ದೇಶದಲ್ಲಿ ಪೀಚ್ ಅಂದರೆ ಹೆಚ್ಚಾಗಿ ಹಿಮಾಚಲ, ಉತ್ತರಾಖಂಡ, ಕಾಶ್ಮೀರದ್ದು. ಪಂಜಾಬಿನ ಬಯಲಿನಲ್ಲಿ ಕಡಿಮೆ ಚಳಿ ಸಾಕಾಗುವ ತಳಿಗಳುಂಟು. ಶಾನ್-ಎ-ಪಂಜಾಬ್ ಅನ್ನುವುದು ಅವುಗಳಲ್ಲಿ ಹೆಸರು ಮಾಡಿದ್ದು, ಮೇ ತಿಂಗಳ ಹೊತ್ತಿಗೇ ಕೊಯ್ಲಿಗೆ ಬರುತ್ತದೆ. ಬೆಟ್ಟದ ಹಣ್ಣು ಬರುವಾಗ ಜೂನ್, ಜುಲೈ. ಹಿಮಾಚಲದ ಸಿರ್ಮೌರ್ ಜಿಲ್ಲೆಯ ರಾಜಗಢದ ಕಡೆಯನ್ನು ಪೀಚ್ ಕಣಿವೆ ಅಂತಲೇ ಕರೆಯುತ್ತಾರೆ.

ಅಲ್ಲಿಂದ ಮಂಗಳೂರಿಗೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ಪೂರ್ತಿ ಹಣ್ಣಾದ ಪೀಚ್ ಅಷ್ಟು ದೂರ ಬಂದರೆ ಪೆಟ್ಟಿಗೆಯಲ್ಲಿ ರಸ ಮಾತ್ರ ಉಳಿದೀತು. ಅದಕ್ಕೇ ಗಟ್ಟಿ ಇರುವಾಗಲೇ ಕೊಯ್ಯುತ್ತಾರೆ. ಬಾಳೆಗೊನೆಯನ್ನು ಕಾಯಿ ಇರುವಾಗ ಕಡಿದರೂ ಮನೆಯಲ್ಲಿ ಹಣ್ಣಾಗಿ ಸಿಹಿಯಾಗುತ್ತದೆ, ಯಾಕೆಂದರೆ ಅದರೊಳಗಿನ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ಪೀಚ್‌ನಲ್ಲಿ ಹಾಗೆ ಕೂಡಿಟ್ಟ ಪಿಷ್ಟ ಇಲ್ಲ. ಕೊಯ್ದ ಮೇಲೆ ಅದು ಮೆತ್ತಗಾಗುತ್ತದೆ, ಒಳ್ಳೆಯ ಪರಿಮಳ ಬರುತ್ತದೆ, ಹುಳಿ ಸ್ವಲ್ಪ ಇಳಿಯುತ್ತದೆ. ಸಿಹಿ ಮಾತ್ರ ಮರದಲ್ಲಿ ಇದ್ದಾಗ ಎಷ್ಟು ಬಂದಿತ್ತೋ ಹೆಚ್ಚುಕಡಿಮೆ ಅಷ್ಟೇ.

ಹಾಗಾಗಿ ನಮಗೆ ಸಿಗುವ ಪೀಚ್ ಅಂದರೆ ಪರಿಮಳ ಉಂಟು, ಹುಳಿ ಉಂಟು, ಸಿಹಿ ಸ್ವಲ್ಪ ಕಡಿಮೆ. ಹಾಗೇ ಕಚ್ಚಿ ತಿನ್ನುವವರಿಗೆ ಇದು ಕೊರತೆ. ಬೇಯಿಸುವವರಿಗೆ ಇದಕ್ಕಿಂತ ಒಳ್ಳೆಯ ಹಣ್ಣು ಬೇಡ! ಸಿಹಿ ಕಡಿಮೆಯಾದರೆ ನಾವು ಎರಡು ಚಮಚ ಸಕ್ಕರೆ ಹಾಕಬಹುದು. ಹುಳಿ ಮತ್ತು ಪರಿಮಳವನ್ನು ಎಲ್ಲಿಂದ ತರುವುದು? ಡಬ್ಬಿ ಹಣ್ಣಿನ ತೊಂದರೆಯೇ ಅದು. ಅದನ್ನು ಆಗಲೇ ಒಮ್ಮೆ ಬೇಯಿಸಿ ಪಾಕಕ್ಕೆ ಹಾಕಿರುತ್ತಾರೆ. ನಾವು ಮತ್ತೆ ಮುಕ್ಕಾಲು ಗಂಟೆ ಬೇಯಿಸಿದರೆ ಉಳಿಯುವುದು ಸಿಹಿ ಮತ್ತು ಮೆತ್ತಗಿನ ತುಂಡು ಮಾತ್ರ. ಉಡುಪಿ ಕಡೆ ಅನಾನಸಿನ ಮೆಣಸ್ಕಾಯಿ (ಸಿಹಿ, ಹುಳಿ, ಖಾರ ಸೇರಿದ ಗೊಜ್ಜು) ಮಾಡುವವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣಿನಲ್ಲಿ ಹುಳಿ ಇದ್ದರೇ ಮೆಣಸ್ಕಾಯಿಗೆ ರುಚಿ.

ದೂರದಿಂದ ಬಂದ ಹಣ್ಣು ಅಂತ ಕೀಳಾಗಿ ನೋಡುವುದೂ ಬೇಡ. ಅಮೆರಿಕದ ಜಾರ್ಜಿಯಾ ರಾಜ್ಯಕ್ಕೆ ಪೀಚ್‌ನಿಂದಲೇ ದೊಡ್ಡ ಹೆಸರು. ಅಲ್ಲಿ 1870ರ ದಶಕದಲ್ಲಿ ಸ್ಯಾಮ್ಯುಯೆಲ್ ರಂಫ್ ಅನ್ನುವ ತೋಟಗಾರ ಒಂದು ತಳಿ ಬೆಳೆಸಿ, ಹೆಂಡತಿಯ ಹೆಸರಿನಿಂದ ಅದಕ್ಕೆ ಎಲ್ಬರ್ಟಾ ಅಂತ ಹೆಸರಿಟ್ಟ. ಹಳದಿ ತಿರುಳು, ಗೊರಟಿನಿಂದ ಸುಲಭವಾಗಿ ಬಿಟ್ಟುಬರುವ ಹಣ್ಣು. ಆ ತಳಿ ಗೆದ್ದದ್ದು ಮುಖ್ಯವಾಗಿ ಪ್ರಯಾಣ ತಡೆದುಕೊಳ್ಳುತ್ತಿತ್ತು ಅನ್ನುವ ಕಾರಣಕ್ಕೆ. ಮಂಜುಗಡ್ಡೆ ಇಟ್ಟು ರೈಲಿನಲ್ಲಿ ದೂರದ ನ್ಯೂಯಾರ್ಕಿಗೆ ಕಳಿಸುತ್ತಿದ್ದರು. ಅಲ್ಲಿನ ಪೇಟೆಯ ಅಡುಗೆಮನೆಗಳಿಗೆ ಬರುತ್ತಿದ್ದದ್ದೂ ಗಟ್ಟಿ ಇರುವಾಗ ಕೊಯ್ದ ಹಣ್ಣೇ. ಎಲ್ಬರ್ಟಾ ಹೆಸರಿನ ತಳಿಗಳನ್ನು ನಮ್ಮ ಹಿಮಾಚಲದ ತೋಟಗಳಲ್ಲೂ ಬೆಳೆಸುತ್ತಾರೆ.

ಇನ್ನು ಹಣ್ಣು ತರುವುದು ಹೇಗೆ? ಕೆಂಪು ಬಣ್ಣ ನೋಡಿ ತರಬೇಡಿ. ಕೆಂಪು ಬರುವುದು ಬಿಸಿಲು ಬಿದ್ದ ಕಡೆ. ತೊಟ್ಟಿನ ಹತ್ತಿರದ ಬಣ್ಣ ನೋಡಿ. ಅಲ್ಲಿ ಹಸಿರು ಇದ್ದರೆ ತುಂಬಾ ಎಳೆಯದರಲ್ಲೇ ಕೊಯ್ದಿದ್ದಾರೆ ಅಂತ ಅರ್ಥ, ಅಂಥದ್ದು ಎಷ್ಟು ದಿನ ಇಟ್ಟರೂ ಸುಕ್ಕಾಗುತ್ತದೆ ಬಿಟ್ಟರೆ ಹಣ್ಣಾಗುವುದಿಲ್ಲ. ಹಳದಿ ಅಥವಾ ಕೆನೆ ಬಣ್ಣ ಇದ್ದರೆ ಗಟ್ಟಿ ಇದ್ದರೂ ತನ್ನಿ. ಒತ್ತಿ ನೋಡಬೇಡಿ, ಬೆರಳು ಒತ್ತಿದ ಜಾಗ ಮರುದಿನ ಕಪ್ಪಾಗುತ್ತದೆ. ಮೂಸಿ ನೋಡಿ. ನಾನು ಯಾವಾಗಲೂ ಹೋಗುವ ಅಂಗಡಿಯ ಬ್ಯಾರಿ ಅಣ್ಣ ಪೆಟ್ಟಿಗೆ ಮುಂದಿಟ್ಟು, "ಅಕ್ಕಾ, ಇದು ಇವತ್ತಿಗೆ ಅಲ್ಲ, ನಾಡಿದ್ದಿಗೆ" ಅಂತ ಮೊದಲೇ ಹೇಳಿಬಿಡುತ್ತಾರೆ. ಅಂಥ ಅಂಗಡಿಯವರು ಸಿಕ್ಕಿದರೆ ಬಿಡಬೇಡಿ.

ಮನೆಗೆ ತಂದ ಕೂಡಲೇ ಫ್ರಿಜ್ಜಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬಾ. ಮಳೆಗಾಲದ ಬೂಷ್ಟಿನ ಹೆದರಿಕೆ, ಅರ್ಥವಾಗುತ್ತದೆ. ಆದರೆ ಹಣ್ಣಾಗದ ಪೀಚ್‌ಗೆ 2ರಿಂದ 8 ಡಿಗ್ರಿಯ ತಂಪು ಆಗುವುದೇ ಇಲ್ಲ. ನಮ್ಮ ಫ್ರಿಜ್ಜುಗಳು ಇರುವುದು ಸರಿಯಾಗಿ ಅಲ್ಲೇ. ಕೆಲವು ದಿನ ಅದರಲ್ಲಿ ಇದ್ದರೆ ತಿರುಳು ರಸ ಬಿಡದೆ ಹಿಟ್ಟುಹಿಟ್ಟಾಗುತ್ತದೆ, ಪರಿಮಳವೂ ಬರುವುದಿಲ್ಲ. ಹೊರಗೇ ಇಡಿ. ನ್ಯೂಸ್ ಪೇಪರ್ ಹಾಸಿ, ಒಂದಕ್ಕೊಂದು ತಾಗದ ಹಾಗೆ, ತೊಟ್ಟು ಕೆಳಗೆ ಮಾಡಿ ಇಡಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೇಡವೇ ಬೇಡ, ನಮ್ಮ ಜೂನ್ ತಿಂಗಳ ತೇವದಲ್ಲಿ ರಾತ್ರಿ ಬೆಳಗಾಗುವುದರಲ್ಲಿ ಬೂಷ್ಟು ಬರುತ್ತದೆ. ಬೇಗ ಹಣ್ಣಾಗಬೇಕಾದರೆ ಜೊತೆಗೆ ಒಂದು ಕದಳಿ ಬಾಳೆಹಣ್ಣು ಇಡಿ. ಅಡುಗೆಮನೆಗೆ ಕಾಲಿಟ್ಟ ಕೂಡಲೇ ಪರಿಮಳ ಬಂತು ಅಂದರೆ ಹಣ್ಣು ತಯಾರು. ಅವತ್ತು ಬೇಯಿಸಲಿಕ್ಕೆ ಆಗದಿದ್ದರೆ ಆಗ ಫ್ರಿಜ್ಜಿಗೆ ಹಾಕಿ, ಹಣ್ಣಾದ ಮೇಲೆ ಒಂದೆರಡು ದಿನಕ್ಕೆ ಏನೂ ಆಗುವುದಿಲ್ಲ.

ಸಿಪ್ಪೆ ತೆಗೆಯಲಿಕ್ಕೆ ಹಣ್ಣಿನ ಬುಡದಲ್ಲಿ ಚಾಕುವಿನಿಂದ ಸಣ್ಣ ಗೀಟು ಎಳೆದು, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ. ಕೈಯಲ್ಲೇ ಸುಲಿದು ಬರುತ್ತದೆ. ಬರದಿದ್ದರೆ ಹಣ್ಣು ಇನ್ನೂ ಆಗಿಲ್ಲ, ಇನ್ನೊಂದು ದಿನ ಕಾಯಿರಿ. ಗೊರಟಿಗೆ ಅಂಟಿಕೊಂಡ ಜಾತಿಯಾದರೆ ಮಾವಿನ ಕೆನ್ನೆ ಕೊಯ್ದ ಹಾಗೆ ಸುತ್ತಲೂ ಕೊಯ್ದರಾಯಿತು. ಒಂದು ಮಾತು ಮರೆಯುವ ಮೊದಲೇ ಹೇಳಿಬಿಡುತ್ತೇನೆ. ಗೊರಟಿನ ಒಳಗಿನ ಬೀಜ ಬಾದಾಮಿಯ ಹಾಗೇ ಕಾಣುತ್ತದೆ. ಮಕ್ಕಳು ಕಲ್ಲಿನಲ್ಲಿ ಜಜ್ಜಿ ತಿನ್ನಲಿಕ್ಕೆ ಹೊರಡುತ್ತಾರೆ. ಕೊಡಬೇಡಿ. ಹೊಟ್ಟೆಗೆ ಹೋದ ಮೇಲೆ ಸಯನೈಡ್ ಆಗುವ ಅಂಶ ಅದರಲ್ಲಿ ಉಂಟು.

ಸಕ್ಕರೆ ಎಷ್ಟು? ಮೊದಲು ಒಂದು ತುಂಡು ಬಾಯಿಗೆ ಹಾಕಿಕೊಳ್ಳಿ. ಇಂಟರ್ನೆಟ್ಟಿನ ಅಮೆರಿಕನ್ ರೆಸಿಪಿಗಳಲ್ಲಿ ಒಂದು ಕಪ್, ಒಂದೂವರೆ ಕಪ್ ಅಂತ ಬರೆದಿರುತ್ತಾರೆ. ಅಷ್ಟು ಹಾಕಿದರೆ ಹಣ್ಣು ಯಾವುದಾದರೂ ಒಂದೇ, ಪೀಚ್ ತಂದದ್ದೇ ದಂಡ. ಒಂದು ಕೆಜಿ ಹಣ್ಣಿಗೆ ನಾನು 60 ಗ್ರಾಮಿನಿಂದ ಶುರು ಮಾಡುತ್ತೇನೆ, ತೀರಾ ಹುಳಿ ಇದ್ದರೆ 90ರವರೆಗೆ ಹೋಗುತ್ತೇನೆ. ಸಕ್ಕರೆ ಬೆರೆಸಿ ಇಪ್ಪತ್ತು ನಿಮಿಷ ಬಿಟ್ಟರೆ ಎಷ್ಟು ರಸ ಬಿಡುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಆಮೇಲೆ ಕಾರ್ನ್‌ಫ್ಲೋರ್. ರಸ ಕಡಿಮೆ ಇದ್ದರೆ ಒಂದು ದೊಡ್ಡ ಚಮಚ, ಜಾಸ್ತಿ ಇದ್ದರೆ ಎರಡು. ಚಿಟಿಕೆ ಉಪ್ಪು ಹಾಕಲೇಬೇಕು. ನಿಂಬೆಹುಳಿ ಹಣ್ಣಿನಲ್ಲಿ ಹುಳಿ ಕಡಿಮೆ ಇದ್ದರೆ ಮಾತ್ರ. ಚಕ್ಕೆ ಪುಡಿಯನ್ನು ಎಲ್ಲರೂ ಧಾರಾಳ ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಪೀಚ್‌ನ ಪರಿಮಳವನ್ನು ಮುಚ್ಚಿಬಿಡುತ್ತದೆ. ಸ್ವಲ್ಪ ಜಾಯಿಕಾಯಿ ತುರಿದು ಹಾಕಿ, ಸಾಕು. ಏಲಕ್ಕಿ ಹಾಕಿದರೆ ಪಾಯಸದ ನೆನಪಾಗುತ್ತದೆ, ನನಗೆ ಅದು ಇಲ್ಲಿ ಹಿಡಿಸುವುದಿಲ್ಲ.

ಮೇಲಿನ ಹಿಟ್ಟು ಸುಲಭ. 150 ಗ್ರಾಂ ಮೈದಾ, ಒಂದೂವರೆ ಸಣ್ಣ ಚಮಚ ಬೇಕಿಂಗ್ ಪೌಡರ್, ಎರಡು ದೊಡ್ಡ ಚಮಚ ಸಕ್ಕರೆ, ಉಪ್ಪು, 70 ಗ್ರಾಂ ಬೆಣ್ಣೆ. ಬೆಣ್ಣೆ ಗಟ್ಟಿಯಾಗಿರಬೇಕು. ತಂಪು ಬೆಣ್ಣೆಯ ಚೂರುಗಳು ಓವನ್ನಿನಲ್ಲಿ ಕರಗಿ ಹಬೆ ಎದ್ದಾಗಲೇ ಹಿಟ್ಟು ಹಗುರಾಗುವುದು. ನಮ್ಮ ಸೆಕೆಯಲ್ಲಿ ಬೆಣ್ಣೆ ಕೈಗೆ ತೆಗೆದುಕೊಳ್ಳುವುದರಲ್ಲೇ ಕರಗುತ್ತದೆ. ಹಾಗಾಗಿ ಫ್ರೀಜರಿನಲ್ಲಿ ಇಟ್ಟು, ಕ್ಯಾರೆಟ್ ತುರಿಯುವ ತುರಿಮಣೆಯಲ್ಲಿ ತುರಿದು ನೇರ ಹಿಟ್ಟಿಗೆ ಬೀಳಿಸಿ. ಮೇಲಿಂದ ತಣ್ಣಗಿನ ದಪ್ಪ ಮಜ್ಜಿಗೆ, ಚಿಟಿಕೆ ಸೋಡಾ, ಚಮಚದಲ್ಲಿ ನಾಲ್ಕು ಸುತ್ತು. ನಾದಬೇಡಿ. ಬೇಕಿಂಗ್ ಪೌಡರ್ ಡಬ್ಬ ಹಳೆಯದಾಗಿದ್ದರೆ ಅರ್ಧ ಚಮಚ ಬಿಸಿನೀರಿಗೆ ಹಾಕಿ ನೋಡಿ. ಬುರುಬುರು ಎದ್ದರೆ ಸರಿ, ಸುಮ್ನೆ ಕೂತರೆ ಬಿಸಾಡಿ. ಮಳೆಗಾಲದಲ್ಲಿ ಅದು ತೇವ ಹೀರಿ ಬೇಗ ಸತ್ತುಹೋಗುತ್ತದೆ.

ಹಿಟ್ಟಿನಿಂದ ಹಣ್ಣನ್ನು ಪೂರ್ತಿ ಮುಚ್ಚಬಾರದು. ಈಗ ಎಷ್ಟೋ ಕಡೆ ತಿನ್ನಲಿಕ್ಕೆ ಸಿಗುವುದು ದಪ್ಪ ಕೇಕು, ಅಡಿಯಲ್ಲಿ ನಾಲ್ಕು ಹಣ್ಣಿನ ಚೂರು. ಹಣ್ಣು ಎರಡು ಪಾಲು, ಹಿಟ್ಟು ಒಂದು ಪಾಲು ಇದ್ದರೆ ಮಾತ್ರ ನನ್ನ ಮಟ್ಟಿಗೆ ಅದು ಕಾಬ್ಲರ್. ಉಂಡೆಗಳ ನಡುವೆ ಜಾಗ ಬಿಟ್ಟರೆ ಹಬೆ ಹೊರಗೆ ಹೋಗಿ ರಸ ಮಂದವಾಗುತ್ತದೆ, ಹಿಟ್ಟಿನ ಅಡಿಯೂ ಹಸಿ ಉಳಿಯುವುದಿಲ್ಲ. ಓಟಿಜಿಯಲ್ಲಿ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್ನಿನಲ್ಲಿ, 190 ಡಿಗ್ರಿ, ನಲವತ್ತರಿಂದ ಐವತ್ತು ನಿಮಿಷ. ಮೇಲೆ ಬಣ್ಣ ಬಂತು ಅಂತ ತೆಗೆಯಬೇಡಿ. ಅಂಚಿನಲ್ಲಿ ಮಾತ್ರ ಅಲ್ಲ, ನಡುವಿನಲ್ಲೂ ರಸ ಗುಳ್ಳೆ ಏಳಬೇಕು, ಆ ಗುಳ್ಳೆ ಮಂದವಾಗಿ ನಿಧಾನ ಒಡೆಯಬೇಕು. ರಸ ಕುದಿಯುವ ಹಂತಕ್ಕೆ ಬರದಿದ್ದರೆ ಕಾರ್ನ್‌ಫ್ಲೋರ್ ಕೆಲಸ ಮಾಡುವುದಿಲ್ಲ. ಮಧ್ಯದಲ್ಲಿ ಕರೆಂಟ್ ಹೋದರೆ ಬಾಗಿಲು ತೆರೆಯದೆ ಬಿಡಿ, ಒಳಗಿನ ಬಿಸಿ ತುಂಬಾ ಹೊತ್ತು ನಿಲ್ಲುತ್ತದೆ. ಹೊರಗೆ ತೆಗೆದ ಮೇಲೂ ಅರ್ಧ ಗಂಟೆ ಮುಟ್ಟಬೇಡಿ. ಮನೆ ತುಂಬಾ ಪರಿಮಳ ಇರುವಾಗ ಇದು ಕಷ್ಟ, ಗೊತ್ತು. ಬಿಸಿ ಇಳಿಯುತ್ತಾ ರಸ ಗಟ್ಟಿಯಾಗುವುದು ಆಗಲೇ.

ಜೊತೆಗೆ ವೆನಿಲ್ಲಾ ಐಸ್‌ಕ್ರೀಮ್. ಗಡ್‌ಬಡ್ ತಿಂದು ಬೆಳೆದ ನಮಗೆ ಹಣ್ಣಿನ ಜೊತೆ ಐಸ್‌ಕ್ರೀಮ್ ಯಾರೂ ಕಲಿಸಬೇಕಾಗಿಲ್ಲ. 1975ರಿಂದ ನಮ್ಮೂರಿನಲ್ಲಿ ಐಡಿಯಲ್ ಐಸ್‌ಕ್ರೀಮ್ ಉಂಟು. ಅವರ ಸಾದಾ ವೆನಿಲ್ಲಾ ಒಂದು ಸ್ಕೂಪ್ ಬಿಸಿ ಕಾಬ್ಲರ್ ಮೇಲೆ ಹಾಕಿ ನೋಡಿ. ಕರಗಿದ ಕೆನೆಯೂ ಹುಳಿ ರಸವೂ ಸೇರುವ ಆ ಜಾಗದಲ್ಲಿ ಎಲ್ಲ ರುಚಿ ಇರುವುದು.

"ನಮ್ಮ ಮಾವು, ಹಲಸು ಇರುವಾಗ ಹಿಮಾಚಲದ ಹಣ್ಣು ಯಾಕೆ?" ಅಂತ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹಲಸಿಗೆ ನಮ್ಮಲ್ಲಿ ಗಟ್ಟಿ ಅನ್ನುವ ಕಡುಬು ಉಂಟು, ಎಣ್ಣೆಯಲ್ಲಿ ಕರಿದ ಮುಳ್ಕ ಉಂಟು, ಎಲೆಯಲ್ಲಿ ಹಬೆಗೆ ಬೆಂದ ಗಟ್ಟಿಯ ಎದುರು ಹಲಸಿನ ಕಾಬ್ಲರ್ ನಿಲ್ಲುವುದಿಲ್ಲ. ಮಾವಿಗೆ ರಸಾಯನವೇ ಸರಿ. ಒಳ್ಳೆಯ ಮಾವಿನ ಹಣ್ಣನ್ನು ಓವನ್ನಿಗೆ ಹಾಕಿದರೆ ಪರಿಮಳ ಕಡಿಮೆಯಾಗುತ್ತದೆ ಅನ್ನುವುದು ನನ್ನ ನಾಲಿಗೆಯ ಮಾತು. ಪೀಚ್ ಬೆಂದಷ್ಟೂ ಪರಿಮಳ ಬಿಡುತ್ತದೆ. ಅನಾನಸು ಮಾತ್ರ ಇದಕ್ಕೆ ಒಗ್ಗುತ್ತದೆ, ಅದರ ಹುಳಿಯೇ ಕಾರಣ. ಪೀಚ್ ಮುಗಿದ ಮೇಲೆ ಇದೇ ಅಳತೆಯಲ್ಲಿ ಅನಾನಸು ಮಾಡಬಹುದು, ಆದರೆ ತುಂಡು ಸಣ್ಣದಾಗಿ ಹೆಚ್ಚಿ ಸಕ್ಕರೆಯ ಜೊತೆ ಮೊದಲೇ ಹತ್ತು ನಿಮಿಷ ಬೇಯಿಸಿಕೊಳ್ಳಬೇಕು. ಪೀಚ್ ದುಬಾರಿ ಅನ್ನುವುದೂ ನಿಜ. ಆದರೆ ಒಂದು ಕೆಜಿಯಲ್ಲಿ ಆರು ಜನ ಹೊಟ್ಟೆ ತುಂಬಾ ತಿನ್ನುತ್ತಾರೆ. ಅಷ್ಟು ಜನಕ್ಕೆ ಹೊರಗೆ ಏನು ತಿನ್ನಿಸಿದರೂ ಇದಕ್ಕಿಂತ ಕಡಿಮೆಯಾಗುವುದಿಲ್ಲ.

ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಟ್ಟು, ಮರುದಿನ ಓಟಿಜಿಯಲ್ಲೇ ಹತ್ತು ನಿಮಿಷ ಬಿಸಿ ಮಾಡಿ. ಮೈಕ್ರೋವೇವಿನಲ್ಲಿ ಬೇಡ, ಹಿಟ್ಟು ರಬ್ಬರ್ ಆಗುತ್ತದೆ.

ಉಡುಪಿ, ಮಣಿಪಾಲ, ಕುಂದಾಪುರದ ಕಡೆ ಇರುವವರು ಒಂದು ಉಪಕಾರ ಮಾಡಿ. ಗೊರಟು ಬಿಟ್ಟುಬರುವ ಹಳದಿ ಪೀಚ್ ನಿಮ್ಮಲ್ಲಿ ಯಾವ ಅಂಗಡಿಗೆ ಬರುತ್ತದೆ, ಯಾವ ವಾರ ಹೊಸ ಪೆಟ್ಟಿಗೆ ಒಡೆಯುತ್ತಾರೆ ಅಂತ ಕೆಳಗೆ ಬರೆಯಿರಿ. ಜುಲೈ ಮುಗಿಯುವುದರ ಒಳಗೆ ಬರೆದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.