ವಾದ ಗೆದ್ದವನ ಪಾಡು

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ವಾದ ಮಾಡಬಹುದು, ಗೆಲ್ಲಬಾರದು. ಸೋತವರು ಕೈಮುಗಿಯುವ ಎಮೋಜಿ ಹಾಕಿ ಊಟಕ್ಕೆ ಏಳುತ್ತಾರೆ. ಗೆದ್ದವನಿಗೆ ಮಾತ್ರ ಕೆಲಸ ಗಂಟುಬೀಳುತ್ತದೆ. "ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತಲ್ಲ ಸಾರ್, ನೀವೇ ನೋಡ್ಕೊಂಡುಬಿಡಿ" ಎಂದು ಸೆಕ್ರೆಟರಿ ಹಾಕುತ್ತಾರೆ. ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು.

ಈ ಗ್ರೂಪು ಹುಟ್ಟಿದ್ದು ಕಾವೇರಿ ನೀರು, ಟ್ಯಾಂಕರು, ಲಿಫ್ಟು, ಕರೆಂಟು ಇವುಗಳಿಗಾಗಿ. ಆದರೆ ಟ್ಯಾಂಕರ್ ದಿನವಿಡೀ ಬರುವುದಿಲ್ಲವಲ್ಲ, ಉಳಿದ ಹೊತ್ತಿನಲ್ಲಿ ವಿಜ್ಞಾನ ನಡೆಯುತ್ತದೆ. ತ್ಯಾಗರಾಜನಗರದ ಈ ಕಟ್ಟಡದಲ್ಲಿ ಮನೆಗೊಬ್ಬರಾದರೂ ಇಂಜಿನಿಯರ್ ಇದ್ದಾರೆ. ಬೆಂಗಳೂರು ತಾನೇ, ಇರದಿದ್ದರೆ ಆಶ್ಚರ್ಯ. ವಿಚಿತ್ರ ಏನೆಂದರೆ ಯಾರೂ ತಮ್ಮ ವಿಷಯದ ಬಗ್ಗೆ ಬಾಯಿ ಬಿಡುವುದಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ 104ರ ಹುಡುಗ ರಾಕೆಟ್ ಬಗ್ಗೆ ತೀರ್ಪು ಕೊಡುತ್ತಾನೆ. 303ರ ಸಿವಿಲ್ ಇಂಜಿನಿಯರ್ ಲಸಿಕೆ ಬಗ್ಗೆ ಗಂಟೆಗಟ್ಟಲೆ ಬರೆಯುತ್ತಾರೆ. ಪಾರ್ಕಿಂಗಿನ ಗೋಡೆ ಬಿರುಕು ಬಿಟ್ಟಿದೆಯಲ್ಲ ಸಾರ್ ಎಂದರೆ, "ಬಿಲ್ಡರ್‌ನ ಕೇಳಿ" ಎನ್ನುತ್ತಾರೆ. ನಾನು ಅಕೌಂಟ್ಸ್ ನೋಡುವವನು. ಹಾಗಾಗಿ ಲೆಕ್ಕ ಒಂದನ್ನು ಬಿಟ್ಟು ಮಿಕ್ಕ ಎಲ್ಲದರ ಬಗ್ಗೆಯೂ ಮಾತಾಡುತ್ತೇನೆ.

302ರ ರಾಯರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಇಂದು ರಾತ್ರಿ 12.30ರಿಂದ 3.30ರವರೆಗೆ ಮಂಗಳ ಗ್ರಹದ ಕಡೆಯಿಂದ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಡಿ ಎಂಬ ಸಂದೇಶವನ್ನು ತಪ್ಪದೆ ಹಾಕುವವರು ಅವರೇ. ಇದು ವರ್ಷಗಳಿಂದ ಊರೂರು ಸುತ್ತುತ್ತಿರುವ ಸುಳ್ಳು. ಒಮ್ಮೆ ತಡೆಯಲಾರದೆ ಬರೆದೆ. ಕಾಸ್ಮಿಕ್ ಕಿರಣಗಳು ಹಗಲೂ ರಾತ್ರಿ ಬೀಳುತ್ತಲೇ ಇರುತ್ತವೆ, ಅವಕ್ಕೆ ರಾಹುಕಾಲ ಗುಳಿಕಕಾಲ ಇಲ್ಲ, ಬಹುಪಾಲನ್ನು ಭೂಮಿಯ ಕಾಂತಕ್ಷೇತ್ರ ಮತ್ತು ವಾತಾವರಣ ತಡೆಯುತ್ತವೆ, ನಿಮ್ಮ ಮೊಬೈಲಿನ ಮೇಲೆ ಅವಕ್ಕೆ ವಿಶೇಷ ದ್ವೇಷವೇನೂ ಇಲ್ಲ ಎಂದು. ಎಲ್ಲರೂ ಒಪ್ಪಿದರು. ಗೆದ್ದೆ. ರಾತ್ರಿ 12.40ಕ್ಕೆ ಫೋನು.

"ಏನೂ ಆಗ್ಲಿಲ್ವಾ?"

"ಇಲ್ಲ ಸಾರ್."

"ಫೋನು ಬಿಸಿ ಏನಾದ್ರೂ?"

"ಇಲ್ಲ ಸಾರ್."

"ಸರಿ ಹಾಗಾದ್ರೆ. ನಾನು ಆಫ್ ಮಾಡಿ ಮಲಗ್ತೀನಿ."

ರಾಯರನ್ನು ಸೋಲಿಸುವುದು ಸುಲಭವಲ್ಲ. 2016ರ ನವೆಂಬರಿನಲ್ಲಿ ಎರಡು ಸಾವಿರದ ನೋಟಿನಲ್ಲಿ ಜಿಪಿಎಸ್ ಚಿಪ್ ಇದೆ ಎಂಬ ಸುದ್ದಿ ಹಬ್ಬಿತಲ್ಲ, ಆಗ ಅವರು ನೋಟನ್ನು ಮಡಿಸುತ್ತಲೇ ಇರಲಿಲ್ಲ, ಚಿಪ್ ಮುರಿದೀತು ಅಂತ. ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಮೇಲಿವೆ, ಅವು ಸಂಕೇತ ಕಳಿಸುತ್ತವೆಯೇ ಹೊರತು ಕೆಳಗೆ ಯಾರ ಜೇಬಿನಲ್ಲಿ ಏನಿದೆ ಎಂದು ನೋಡುವುದಿಲ್ಲ. ನೋಟು ತಾನೆಲ್ಲಿದ್ದೇನೆ ಎಂದು ವರದಿ ಒಪ್ಪಿಸಬೇಕಾದರೆ ಅದಕ್ಕೊಂದು ಟ್ರಾನ್ಸ್‌ಮಿಟರ್, ಅದಕ್ಕೊಂದು ಬ್ಯಾಟರಿ ಬೇಕು. ಇಷ್ಟೆಲ್ಲ ವಿವರಿಸಿದೆ. ರಾಯರು ಸುಮ್ಮನಾದರು. 2023ರ ಮೇ 19ರಂದು ರಿಸರ್ವ್ ಬ್ಯಾಂಕ್ ಆ ನೋಟನ್ನು ಚಲಾವಣೆಯಿಂದ ವಾಪಸ್ ಪಡೆಯುತ್ತೇವೆ ಎಂದು ಪ್ರಕಟಿಸಿತು. ಅರ್ಧ ಗಂಟೆಯೊಳಗೆ ರಾಯರ ಸಂದೇಶ ಬಂತು: "ಚಿಪ್ಪಿನ ಬ್ಯಾಟರಿ ಮುಗೀತು ಅಂತ ಕಾಣುತ್ತೆ."

ಅದೇ ವರ್ಷ ಚಂದ್ರಯಾನ. ಅಮೆರಿಕದವರು 1969ರಲ್ಲಿ ನಾಲ್ಕು ದಿನಕ್ಕೆ ಚಂದ್ರನ ಮೇಲೆ ಇಳಿದರು, ನಮ್ಮವರಿಗೆ ಜುಲೈ 14ರಿಂದ ಆಗಸ್ಟ್ 23ರವರೆಗೆ ಯಾಕೆ ಬೇಕು ಎಂದು 104ರ ಹುಡುಗ ಕೇಳಿದ. 401ರವರು ಕೆರಳಿದರು. ಇಸ್ರೋದ ಗಗನನೌಕೆಗಳ ಮೇಲೆ ಕಣ್ಣಿಡುವ ಕೇಂದ್ರ ಪೀಣ್ಯದಲ್ಲಿದೆ, ಅವರ ಭಾವಮೈದನ ಸ್ಪ್ರಿಂಗ್ ಫ್ಯಾಕ್ಟರಿಯೂ ಪೀಣ್ಯದಲ್ಲಿದೆ, ಆದ್ದರಿಂದ ಇದು ಅವರ ಮನೆ ಮರ್ಯಾದೆಯ ಪ್ರಶ್ನೆ. ನಾನು ಮಧ್ಯೆ ಬಾಯಿ ಹಾಕಿದೆ. ಅಪೋಲೊ ಹೊತ್ತೊಯ್ದ ಸ್ಯಾಟರ್ನ್ ರಾಕೆಟ್ಟಿನ ತೂಕ ಹತ್ತಿರ ಹತ್ತಿರ 3,000 ಟನ್, ನಮ್ಮ ಎಲ್‌ವಿಎಂ3 ರಾಕೆಟ್ಟಿನದು 640 ಟನ್. ಅವರು ಒಂದೇ ಏಟಿಗೆ ಹಾರಿದರು. ನಾವು ಭೂಮಿಗೆ ಸುತ್ತು ಹಾಕುತ್ತಾ, ಪ್ರತಿ ಸಲ ಒಂದಿಷ್ಟು ಎತ್ತರ ಏರುತ್ತಾ, ಇಂಧನ ಉಳಿಸಿ ಹೋಗುತ್ತೇವೆ. ಇಷ್ಟು ಬರೆದದ್ದಕ್ಕೆ ಆ ಸಲದ ಗಣೇಶನ ಹಬ್ಬದಲ್ಲಿ ನನ್ನದೇ ಭಾಷಣ. ಮಕ್ಕಳ ಛದ್ಮವೇಷ ಮುಗಿದಿತ್ತು, ಪುಳಿಯೋಗರೆ ಇನ್ನೂ ಬಂದಿರಲಿಲ್ಲ, ಆ ಗ್ಯಾಪಿನಲ್ಲಿ ನನ್ನನ್ನು ನಿಲ್ಲಿಸಿದರು. ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಎಂದೆ. ಲಿಫ್ಟು ಯಾವಾಗ ರಿಪೇರಿ ಆಗುತ್ತೆ ಎಂದು ಒಬ್ಬರು ಕೇಳಿದರು. ಪುಣ್ಯಕ್ಕೆ ಅಷ್ಟರಲ್ಲಿ ಪುಳಿಯೋಗರೆ ಬಂತು.

ಖಾಸಗಿತನದ ವಾದಗಳು ಇವಕ್ಕಿಂತ ಅಪಾಯ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ ಎಂದು ಪ್ರಕಟಣೆ ಕೊಟ್ಟಿತ್ತು. ಜನ ಗಾಬರಿಯಾದರು. ತಪ್ಪು ಅರ್ಥ ಬರಬಹುದು ಎಂದು ಕೇಂದ್ರ ಸರ್ಕಾರ ಎರಡೇ ದಿನಕ್ಕೆ ಅದನ್ನು ವಾಪಸ್ ತಗೊಂಡಿತು. ನಮ್ಮ ಸೆಕ್ರೆಟರಿ ಬಾಡಿಗೆದಾರರ ಆಧಾರ್ ಜೆರಾಕ್ಸ್ ಕೇಳುತ್ತಿದ್ದ ಕಾಲ ಅದು. ಕೊಡುವುದಿಲ್ಲ ಎಂದವರ ಕೈಯಲ್ಲಿ ಒಂದು ಸರ್ಕಾರಿ ಪ್ರಕಟಣೆ, ಕೊಡಿ ಎಂದವರ ಕೈಯಲ್ಲಿ ಇನ್ನೊಂದು. ವಾದ ಇದಕ್ಕಿಂತ ಸಮಬಲವಾಗಿ ನಡೆದದ್ದನ್ನು ನಾನು ನೋಡಿಲ್ಲ. ಪ್ರಕಟಣೆ ಹೋದರೇನಂತೆ, ಮಾಸ್ಕ್ಡ್ ಆಧಾರ್ ಸೌಲಭ್ಯ ಇದ್ದೇ ಇದೆಯಲ್ಲ ಎಂದು ನಾನು ಹೇಳಿದೆ. ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕಾರ್ ಪಾರ್ಕಿಂಗಿನಲ್ಲಿ ಕೂತು ಎಲ್ಲರಿಗೂ ಡೌನ್‌ಲೋಡ್ ಮಾಡಿಕೊಡುವ ಕೆಲಸ ಬಂತು. ನಾಲ್ಕಂಕಿ ಬಿಟ್ಟು ಮಿಕ್ಕದ್ದೆಲ್ಲ ಗುಟ್ಟಾಗಿರಬೇಕು ಎಂದು ಹಟ ಹಿಡಿದವರೇ ಬಾಲ್ಕನಿಗೆ ಬಂದು ಕೂಗಿದರು: "ಓಟಿಪಿ ಬಂತು ಬರ್ಕೊಳ್ಳಿ... ಎಂಟು... ನಾಲ್ಕು... ಕೇಳಿಸ್ತಾ?" ಎದುರಿನ ಇಸ್ತ್ರಿ ಅಂಗಡಿಯವನಿಗೂ ಕೇಳಿಸಿತು.

ಆಮೇಲೆ 201ರ ಮೇಡಂ. ಅವರು ತಂಗಿಯ ಜೊತೆ ಹೊಸ ಗ್ರೈಂಡರ್ ವಿಷಯ ಮಾತಾಡಿದರು, ಸಂಜೆಗೆ ಗ್ರೈಂಡರಿನ ಜಾಹೀರಾತು ಬಂತು. ಫೋನು ಕದ್ದು ಕೇಳುತ್ತದೆ, ಸಂಶಯವೇ ಇಲ್ಲ. ಅರ್ಧ ಅಪಾರ್ಟ್‌ಮೆಂಟು ತನಗೂ ಹೀಗಾಗಿದೆ ಎಂದಿತು. ನಾನು ಸುಮ್ನೆ ಇರಬಹುದಿತ್ತು. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ 17,000ಕ್ಕೂ ಜಾಸ್ತಿ ಆಂಡ್ರಾಯ್ಡ್ ಆಪ್‌ಗಳನ್ನು ಪರೀಕ್ಷಿಸಿದ್ದರು, ಗುಟ್ಟಾಗಿ ಮೈಕ್ ಆನ್ ಮಾಡಿ ಮಾತು ಸಾಗಿಸಿದ ಆಪ್ ಒಂದೂ ಸಿಗಲಿಲ್ಲ, ಪರದೆಯ ಮೇಲೆ ನಡೆಯುವುದನ್ನು ರೆಕಾರ್ಡ್ ಮಾಡಿ ಕಳಿಸುವಂಥವು ಮಾತ್ರ ಕೆಲವು ಸಿಕ್ಕವು ಎಂದು ಬರೆದೆ. ಕದ್ದು ಕೇಳುವ ಕಷ್ಟ ಅವರಿಗೆ ಯಾಕೆ, ನಾವೇ ಹೇಳುತ್ತೇವಲ್ಲ. ಅರ್ಧ ಡಜನ್ ಬಾಳೆಹಣ್ಣಿಗೂ ಬಿಲ್ಲಿಂಗ್ ಕೌಂಟರಿನಲ್ಲಿ ಮೊಬೈಲ್ ನಂಬರ್ ಒಪ್ಪಿಸುತ್ತೇವೆ. ನಂಬರ್ ಕೊಡಲೇಬೇಕು ಎಂದು ಗ್ರಾಹಕರನ್ನು ಒತ್ತಾಯಿಸಬೇಡಿ ಎಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಆದರೂ ಕೌಂಟರಿನ ಹುಡುಗಿ "ನಂಬರ್ ಸಾರ್" ಎಂದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಓಡಾಡಿದ ಜಾಗ, ಹುಡುಕಿದ ವಸ್ತು ಎಲ್ಲ ಸೇರಿ ಜಾಹೀರಾತು ಬರುತ್ತದೆ. ಅಷ್ಟೇ ಅಲ್ಲ, ಒಂದೇ ವೈಫೈ ಬಳಸುವ ಮನೆಯವರು ಹುಡುಕಿದ್ದೂ ನಿಮ್ಮ ಫೋನಿನಲ್ಲಿ ತಲೆ ಹಾಕಬಹುದು.

ಕೊನೆಯ ವಾಕ್ಯ ಬೇಕಿರಲಿಲ್ಲ.

"ಓಹೋ. ಹಾಗಾದ್ರೆ ನನ್ನ ಫೋನಿಗೆ ಸೆಕೆಂಡ್ ಹ್ಯಾಂಡ್ ಬುಲೆಟ್ ಬೈಕಿನ ಜಾಹೀರಾತು ಯಾಕೆ ಬರ್ತಿದೆ?" ಎಂದು ಮೇಡಂ ಕೇಳಿದರು. ನಮ್ಮನ್ನಲ್ಲ. 201ರ ಯಜಮಾನರಿಗೆ ಬೆನ್ನುನೋವು. ಬೈಕು ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಮುಂದಿನ ಮಾತುಕತೆ ಗ್ರೂಪಿನಲ್ಲಿ ನಡೆಯಲಿಲ್ಲ, ಆದರೂ ಮೂರನೇ ಮಹಡಿಯವರೆಗೆ ಯಾವ ಮೈಕೂ ಇಲ್ಲದೆ ಕೇಳಿಸಿತು. ಆಫೀಸಿನ ಗೆಳೆಯನಿಗಾಗಿ ಹುಡುಕಿದೆ ಎಂದು ಅವರು ಹೇಗೋ ತಪ್ಪಿಸಿಕೊಂಡರು. ನನ್ನ ಹೆಂಡತಿ ಕುಕ್ಕರ್ ಇಡುತ್ತಾ, "ರೀ, ಊರ ಉಸಾಬರಿ ನಿಮಗ್ಯಾಕೆ?" ಎಂದಳು.

ಇಷ್ಟಾದ ಮೇಲಾದರೂ ಗೇಟಿನ ಆಪ್ ವಿಷಯದಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು ಅನ್ನುತ್ತೀರಿ. ಆದರೆ ಯೋಚಿಸಿ. ಮನೆಗೆ ಬರುವ ಪ್ರತಿಯೊಬ್ಬರ ಹೆಸರು, ನಂಬರು, ಫೋಟೋ, ಬಂದ ಹೊತ್ತು, ಹೋದ ಹೊತ್ತು ಎಲ್ಲವೂ ಯಾವುದೋ ಕಂಪನಿಯ ಕೈಗೆ. ನಮ್ಮತ್ತೆ ಹಬ್ಬಕ್ಕೆ ಬಂದರೂ ಗೇಟಿನಲ್ಲಿ ಫೋಟೋ. ಗ್ರೂಪಿನಲ್ಲಿ ಪುಟ್ಟಸ್ವಾಮಿಯವರ ಪ್ರಕರಣ ತೆಗೆದೆ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಇದ್ದವರು. ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ, 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ದೇಶಕ್ಕೆಲ್ಲ ಈ ಹಕ್ಕು ಕೊಡಿಸಿದ ಕೇಸಿಗೆ ಬೆಂಗಳೂರಿನ ಒಬ್ಬ ಹಿರಿಯರ ಹೆಸರಿದೆ, ನಾವು ಗೇಟಿನಲ್ಲಿ ಕೈಬಿಡುವುದೇ ಎಂದು ಬರೆದೆ. ಆ ತೀರ್ಪು ಸರ್ಕಾರಕ್ಕೆ ಸಂಬಂಧಿಸಿದ್ದು, ಅಪಾರ್ಟ್‌ಮೆಂಟಿಗಲ್ಲ ಎಂದು 303 ಆಕ್ಷೇಪ ಎತ್ತಿದರು. ಅದಕ್ಕೂ ಉತ್ತರ ಇತ್ತು: ಮಾಹಿತಿ ಸಂಗ್ರಹಿಸುವ ಕಂಪನಿಗಳಿಗಾಗಿಯೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಬಂದಿದೆ. ಒಪ್ಪಿಗೆ ಕೇಳಬೇಕು, ಯಾಕೆ ಬೇಕು ಎಂದು ಹೇಳಬೇಕು. ಹೆಬ್ಬೆರಳುಗಳ ಮಳೆ. ಆಪ್ ಬಿದ್ದುಹೋಯಿತು. ಅದರ ಜಾಗದಲ್ಲಿ ನೂರು ರೂಪಾಯಿಯ ಉದ್ದ ನೋಟ್‌ಬುಕ್ ಬಂತು. ಉಸ್ತುವಾರಿ ಯಾರದು ಎಂದು ಹೇಳಬೇಕಾಗಿಲ್ಲ.

ಪುಸ್ತಕಕ್ಕೆ ಕಾಲಂ ಗೆರೆ ಎಳೆದವನು ನಾನೇ. ಹೆಸರು, ಫೋನು, ಯಾವ ಮನೆ, ಯಾಕೆ, ಒಳಗೆ, ಹೊರಗೆ, ಸಹಿ. ಕೊರಿಯರ್ ಹುಡುಗರು ಫೋನಿನ ಕಾಲಂನಲ್ಲಿ ಹತ್ತು ಒಂಬತ್ತು ಬರೆದು ಓಡುತ್ತಿದ್ದರು. ಅವರೇ ಜಾಣರು. ಮಿಕ್ಕವರು ನಿಜ ಬರೆದರು. ಸಹಿ ಹಾಕಲು ಬಂದವರೆಲ್ಲ ಮೇಲಿನ ಸಾಲುಗಳನ್ನು ಆರಾಮಾಗಿ ಓದಿಕೊಂಡೇ ಒಳಗೆ ಬರುತ್ತಿದ್ದರು. 402ರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದದ್ದು, ಉಪ್ಪಿಟ್ಟು ಕೇಸರಿಬಾತ್ ಆರುವ ಮೊದಲೇ ಪಾರ್ಕಿಂಗಿನಲ್ಲಿ ಗೊತ್ತಾಗಿತ್ತು. ಹುಡುಗನ ಫೋನ್ ನಂಬರ್ ಸಮೇತ. ಕಂಪನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ, ಆ ಮಟ್ಟಿಗೆ ಗೆಲುವೇ.

ಪುಸ್ತಕ ತುಂಬಿದಾಗ ಸೆಕ್ಯೂರಿಟಿ ಅಣ್ಣ ಹಳೆ ಪೇಪರ್ ಜೊತೆ ಅದನ್ನೂ ತೂಕಕ್ಕೆ ಹಾಕಿದ. ಕಾರ್ತಿಕ ಮಾಸ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯ ಗಲಾಟೆ, ನಮ್ಮ ರಸ್ತೆಯ ತುದಿಯಲ್ಲೂ ಬಿಸಿ ಮರಳಿನಲ್ಲಿ ಹುರಿದು ಕೊಡುವ ಗಾಡಿ. 201ರ ಮೇಡಂ ಪೊಟ್ಟಣ ಕಟ್ಟಿಸಿಕೊಂಡು ಬಂದರು. ಕಾಯಿ ಖಾಲಿಯಾದ ಮೇಲೆ ಕಾಗದ ಬಿಡಿಸಿ ನೋಡಿದರೆ ನನ್ನದೇ ಗೆರೆ, ನನ್ನದೇ ಕಾಲಂ. ಮಧ್ಯದ ಸಾಲಿನಲ್ಲಿ ಯಾರೋ ಅಪರಿಚಿತರ ಹೆಸರು. ಯಾವ ಮನೆ: 201. ಯಾಕೆ: ಬುಲೆಟ್ ತೋರಿಸೋಕೆ.

ಮಾರನೇ ದಿನ ಯಜಮಾನರು ನನ್ನನ್ನು ಮೆಟ್ಟಿಲಿನಲ್ಲೇ ಹಿಡಿದರು. "ಆಪ್ ಇದ್ದಿದ್ರೆ ಅವನ ಹೆಸರು ಎಲ್ಲೋ ಸರ್ವರಿನಲ್ಲಿ ಇರ್ತಿತ್ತು ಸಾರ್. ನನ್ನ ಹೆಂಡತಿ ಕೈಲಿ ಇರ್ತಿರಲಿಲ್ಲ." ಒಪ್ಪಬೇಕಾದ ಮಾತು. ಯಾರಿಂದ ಬಚ್ಚಿಡಬೇಕು ಎನ್ನುವುದು ಮನೆಯಿಂದ ಮನೆಗೆ ಬೇರೆ, ಯಾವ ಕಾಯ್ದೆಯೂ 201ರ ಮಟ್ಟಕ್ಕೆ ಇಳಿದು ಯೋಚಿಸಿಲ್ಲ.

ಈಗ ಹೊಸ ವಿಷಯ ಬಂದಿದೆ. ಪಕ್ಕದ ಕಟ್ಟಡದ ಮೇಲೆ ಮೊಬೈಲ್ ಟವರ್ ಬರುತ್ತಿದೆಯಂತೆ. ರೇಡಿಯೇಷನ್ನು, ಕ್ಯಾನ್ಸರು, ಗುಬ್ಬಿಗಳು ಎಂದು ಗ್ರೂಪು ಹೊತ್ತಿ ಉರಿಯಿತು. ನನ್ನ ಬೆರಳು ತುರಿಸಿತು. ಮೊಬೈಲಿನ ರೇಡಿಯೋ ತರಂಗಕ್ಕೆ ಎಕ್ಸ್‌ರೇಯ ಹಾಗೆ ಅಣುಗಳನ್ನು ಒಡೆಯುವ ಶಕ್ತಿ ಇಲ್ಲ, 2012ರ ಸೆಪ್ಟೆಂಬರಿನಲ್ಲಿ ನಮ್ಮ ದೇಶ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು, ಟವರ್ ದೂರವಾದಷ್ಟೂ ನಿಮ್ಮ ಕಿವಿಯ ಹತ್ತಿರದ ಫೋನೇ ಜಾಸ್ತಿ ಕೂಗಾಡಬೇಕಾಗುತ್ತದೆ ಎಂದೆಲ್ಲ ಟೈಪ್ ಮಾಡಿದೆ. ಆಮೇಲೆ ಗಣೇಶನ ಹಬ್ಬ, ಓಟಿಪಿ, ಪೊಟ್ಟಣ ಎಲ್ಲ ನೆನಪಾಗಿ ಪೂರ್ತಿ ಅಳಿಸಿದೆ. ಕೈಮುಗಿಯುವ ಎಮೋಜಿಯನ್ನೂ ಹಾಕಲಿಲ್ಲ. ಫೋನು ಪಕ್ಕಕ್ಕಿಟ್ಟು ಕಾಫಿ ಲೋಟ ಎತ್ತಿಕೊಂಡೆ.

ರಾಯರ ಫೋನು ಬಂತು.

"ಏನ್ರೀ, ಹತ್ತು ನಿಮಿಷದಿಂದ ನಿಮ್ಮ ಹೆಸರಿನ ಪಕ್ಕ ಟೈಪಿಂಗ್ ಟೈಪಿಂಗ್ ಅಂತ ಬರ್ತಾ ಇತ್ತು. ಎಲ್ಲರೂ ಕಾಯ್ತಾ ಕೂತಿದ್ವಿ. ಅಷ್ಟು ಹೊತ್ತು ಬರೆದಿದ್ದೀರಿ ಅಂದ್ರೆ ಟವರ್ ವಿಷಯ ಪೂರ್ತಿ ಗೊತ್ತಿದೆ ಅಂತಾಯ್ತು. ಸೆಕ್ರೆಟರಿಗೆ ಹೇಳಿಬಿಟ್ಟಿದ್ದೀನಿ. ನಾಳೆ ಹತ್ತು ಗಂಟೆಗೆ ಟವರ್ ಕಂಪನಿಯವರು ಬರ್ತಾರೆ, ನೀವೇ ಮಾತಾಡಿಬಿಡಿ."