ಸತ್ಯಾಂಶ: ‘ಪಾಸ್ ಔಟ್’ ಎಂದರೆ ಮೂರ್ಛೆ ಮಾತ್ರವೇ?

‘ಕಾಲೇಜಿನಿಂದ ಪಾಸ್ ಔಟ್ ಆದೆ ಎನ್ನಬೇಡಿ; ಇಂಗ್ಲಿಷಿನಲ್ಲಿ ಅದಕ್ಕೆ ಮೂರ್ಛೆ ಹೋದೆ ಎಂಬ ಅರ್ಥ ಮಾತ್ರ’ ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. ಅದರಲ್ಲಿ ತಪ್ಪಿರುವುದು ‘ಮಾತ್ರ’ ಎಂಬ ಒಂದೇ ಪದ.

ಮೂರ್ಛೆ ಹೋಗುವುದು ಈ ನುಡಿಗಟ್ಟಿನ ಬಹುಪರಿಚಿತ ಅರ್ಥ, ಹೌದು. ಆದರೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಸೇನಾ ತರಬೇತಿ ಮುಗಿಸಿ ಹೊರಬರುವುದಕ್ಕೂ ಇದೇ ಮಾತು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ‘ಪಾಸಿಂಗ್ ಔಟ್ ಪರೇಡ್’ ನೆನಪಿಸಿಕೊಳ್ಳಿ. ಇಂಥ ಪರೇಡುಗಳನ್ನು ನಮ್ಮ ಪತ್ರಿಕೆಗಳು ‘ನಿರ್ಗಮನ ಪಥಸಂಚಲನ’ ಎಂದು ಬರೆಯುತ್ತವೆ. ಬಿಸಿಲಿಗೆ ಒಬ್ಬಿಬ್ಬರು ಕುಸಿದು ಬೀಳಬಹುದು, ಹೆಸರು ಬಂದದ್ದು ಅದರಿಂದಲ್ಲ! ಭಾರತೀಯ ಇಂಗ್ಲಿಷಿನಲ್ಲಿ ಈ ಬಳಕೆ ಕಾಲೇಜು ಪದವಿಗೂ ಹಬ್ಬಿ ಗಟ್ಟಿಯಾಗಿ ನೆಲೆಯೂರಿದೆ. ಅದನ್ನು ಅಜ್ಞಾನ ಎಂದು ಹಂಗಿಸುವುದು ನನಗೆ ಸರಿ ಕಾಣುವುದಿಲ್ಲ.

ಸಂದೇಶ ಬರೆದವರು ಮರೆತ ಮತ್ತೊಂದು ಅರ್ಥವಿದೆ: ಹಂಚುವುದು. ‘ದ ಟೀಚರ್ ಪಾಸ್ಡ್ ಔಟ್ ದ ಪೇಪರ್ಸ್’ ಎಂದರೆ ಮೇಷ್ಟ್ರು ನೆಲಕ್ಕುರುಳಲಿಲ್ಲ, ಪ್ರಶ್ನೆಪತ್ರಿಕೆ ಹಂಚಿದರು. ಇಲ್ಲಿ ‘ಪೇಪರ್ಸ್’ ಎಂಬ ಕರ್ಮಪದವಿದೆ; ಅದನ್ನು ನಡುವೆ ತಂದು ‘ಪಾಸ್ಡ್ ದ ಪೇಪರ್ಸ್ ಔಟ್’ ಎಂದರೂ ಸರಿಯೇ. ಮೂರ್ಛೆಯ ಅರ್ಥಕ್ಕೆ ಕರ್ಮಪದ ಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ನ್ಯಾಯವಾದದ್ದು. ಅಮೆರಿಕದ ವಿಶ್ವವಿದ್ಯಾಲಯಕ್ಕೋ ಕಂಪನಿಗೋ ಅರ್ಜಿ ಬರೆಯುವಾಗ ‘ಗ್ರಾಜುಯೇಟೆಡ್ ಫ್ರಮ್’ ಎಂದೇ ಬರೆಯಿರಿ. ಅಲ್ಲಿನ ಓದುಗನಿಗೆ ‘ಪಾಸ್ಡ್ ಔಟ್’ ಕಂಡರೆ ಮೊದಲು ನೆನಪಾಗುವುದು ಘಟಿಕೋತ್ಸವವಲ್ಲ, ಮುಖಕ್ಕೆ ಚಿಮುಕಿಸುವ ತಣ್ಣೀರು.